ಬಿಳಿಗಾರ ಬೀಳದ ಬಾಟಲಿಗಳು

ಬೋರ್ಗಿಲ್ಡ್ ಇಪ್ಪತ್ತೇಳು ವರ್ಷ ಒಂದೇ ಜಾತಿಯ ಹುಳುವನ್ನು ಎಣಿಸಿದಳು. ಸಾಸಿವೆ ಕಾಳಿನಷ್ಟು ಗಾತ್ರದ, ಗಾಜಿನಂಥ ಚಿಪ್ಪು ಹೊತ್ತು ಎರಡು ರೆಕ್ಕೆ ಬಡಿಯುತ್ತ ಈಜುವ ಬಸವನಹುಳು ಅದು. ನಮ್ಮ ಮೀನುಗಾರರು ಅದನ್ನು ಬಲ್ಲ ಬಗೆಯೇ ಬೇರೆ. ಹೆರಿಂಗ್ ಮೀನಿನ ಹೊಟ್ಟೆ ಸೀಳಿದಾಗ ಒಳಗೆಲ್ಲ ಕಪ್ಪಾಗಿದ್ದರೆ, ಇದನ್ನೇ ಮೇದು ಬಂದಿದೆ, ಉಪ್ಪು ಹಾಕಿದರೂ ಉಳಿಯದು ಎಂದು ಬೈಯುತ್ತಿದ್ದರು.

ನಾನು ಸಂಶೋಧನಾ ಠಾಣೆಯ ದೋಣಿ ನಡೆಸುವವನು. ಅವಳೂ ನಾನೂ ಒಂದೇ ಶಾಲೆಯಲ್ಲಿ ಕಲಿತವರು. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫ್ಯೋರ್ಡಿನ ಬಾಯಲ್ಲಿ ಸಣ್ಣ ಕಣ್ಣಿನ ಬಲೆ ಇಳಿಸಿ ನಾನು ಎತ್ತಿಕೊಡುತ್ತಿದ್ದೆ. ಸಿಕ್ಕಿದ್ದನ್ನು ಅವಳು ಕೆಡದಂತೆ ಇಡುವ ಫಾರ್ಮಲಿನ್ ದ್ರವ ತುಂಬಿದ ಬಾಟಲಿಗೆ ಹಾಕಿ, ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಚಿಪ್ಪು ನೋಡುತ್ತಿದ್ದಳು. ಊರೂರಿನ ಹೊಗೆಯನ್ನು ತಣ್ಣನೆಯ ಕಡಲು ಹೆಚ್ಚು ಹೀರುತ್ತದಂತೆ. ಹಾಗೆ ಹೀರಿ ನೀರು ಹುಳಿಯಾದಷ್ಟೂ ಈ ಚಿಪ್ಪು ಸವೆಯುತ್ತದಂತೆ.

ಒಂದು ವರ್ಷ ಆಗಸ್ಟ್‌ನಲ್ಲಿ ಅವಳ ಗಂಡ ಎಗಿಲ್ ತೀರಿಕೊಂಡ. ಮಣ್ಣು ಮಾಡಿದ ಮೂರನೆಯ ದಿನಕ್ಕೇ ಅವಳು ಕೆಲಸಕ್ಕೆ ಬಂದಳು. ಮನೆಗೆ ಹೋಗು ಎಂದರೂ ಕೇಳಲಿಲ್ಲ. ಆ ಶರತ್ಕಾಲದ ಹುಳುಗಳಲ್ಲಿ ನಲವತ್ತಕ್ಕೆ ಮೂವತ್ತೊಂದರ ಚಿಪ್ಪು ಮಂಜು ಕವಿದಂತೆ ಬೆಳ್ಳಗಾಗಿತ್ತು, ಅಂಚು ಕರಗಿತ್ತು. ಹತ್ತು ವರ್ಷದ ಹಿಂದೆ ನಲವತ್ತಕ್ಕೆ ಎರಡು ಸಿಕ್ಕರೆ ಹೆಚ್ಚು. ಜನವರಿಯಲ್ಲಿ ಪತ್ರಿಕೆಗಳು ಈ ಲೆಕ್ಕವನ್ನು ಬರೆದವು. ಯಾವತ್ತೂ ಅವಳನ್ನು ಮಾತನಾಡಿಸದ ಜನ ಬಂದರಿನಲ್ಲಿ ತಡೆದು ಕೇಳತೊಡಗಿದರು.

ಮೇ ತಿಂಗಳಲ್ಲಿ, ದೋಣಿಗೆ ಬಣ್ಣ ಬಳಿಯುತ್ತಿದ್ದ ನನ್ನ ಎದುರು ಅವಳು ಒಂದು ಡಬ್ಬ ತಂದಿಟ್ಟಳು.

"ಏನೇ ಇದು?"

"ಬಿಳಿಗಾರ. ಫಾರ್ಮಲಿನ್ ತಾನೇ ಹುಳಿಯಾಗ್ತದೆ ಕಣೋ. ಆಗಬಾರದು ಅಂತ ಇದನ್ನ ಹಾಕ್ತೀವಿ. ಹೋದ ಆಗಸ್ಟಿಗೆ ಅಂತ ತರಿಸಿದ್ದು." ಡಬ್ಬವನ್ನು ತಿರುಗಿಸಿದಳು. ಬಾಯಿಗೆ ಅಂಟಿಸಿದ್ದ ಕಾಗದ ಹರಿದಿರಲಿಲ್ಲ. "ಎಗಿಲ್ ತೀರಿಕೊಂಡ ವಾರ ಫಾರ್ಮಲಿನ್ ಕಲಸಿದ್ದೆ. ಹಾಕಿದ್ದೀನಿ ಅಂದ್ಕೊಂಡೇ ಇದ್ದೆ, ಆಸ್ಮುಂಡ್."

ನಾನು ಕುಂಚ ಕೆಳಗಿಟ್ಟೆ. "ಅಂದ್ರೆ, ಚಿಪ್ಪು ಕರಗಿದ್ದು ಬಾಟ್ಲಿಯಲ್ಲಾ?"

"ಎಷ್ಟು ಬಾಟ್ಲಿಯಲ್ಲಿ, ಎಷ್ಟು ಕಡಲಲ್ಲಿ, ಈಗ ದೇವರಿಗೂ ಹೇಳಕ್ಕಾಗಲ್ಲ."

"ಸುಮ್ನಿದ್ದುಬಿಡು," ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ಕಡಲು ಕೆಡ್ತಿರೋದಂತೂ ನಿಜ. ಡಬ್ಬ ಎಸೆದ್ರೆ ಯಾರಿಗೆ ಗೊತ್ತಾಗ್ತದೆ?"

"ಕೆಡ್ತಿರೋದು ನಿಜ ಅಂತ ನಿನಗೆ ಹೇಳಿದ್ದು ಯಾರು? ನಾನೇ ಅಲ್ವಾ?"

ಅದೇ ವಾರ ಮೀನುಗಾರರ ಸಭೆಯಲ್ಲಿ ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಗಂಡನ ಸಾವಿನ ಮಾತೆತ್ತಲಿಲ್ಲ. ಮರೆತೆ, ತಪ್ಪು ನನ್ನದು ಎಂದಳು, ಅಷ್ಟೇ. ಹಿಂದಿನ ಸಾಲಿನಿಂದ ಮೀನುಗಾರ ಟೋರ್ಲೈಫ್ ಕೂಗಿದ: "ಹಂಗಾದ್ರೆ ಕಾಯಿಲೆ ಕಡಲಿಗಲ್ಲ, ನಿನ್ನ ಬಾಟ್ಲಿಗೆ! ನಾವು ಸುಮ್ನೆ ಹೆದರಿದ್ವಲ್ಲಮ್ಮ!" ಸಭೆಯೇ ನಕ್ಕಿತು. ನಗು ಅಡಗುವವರೆಗೂ ಅವಳು ಕೂರಲಿಲ್ಲ.

"ಕಡಲಿಗೆ ಏನಾಗಿದೆ ಅಂತ ನಂಗೆ ಗೊತ್ತಿಲ್ಲ, ಟೋರ್ಲೈಫ್. ಗೊತ್ತಿಲ್ಲ ಅನ್ನೋದನ್ನೇ ಹೇಳಕ್ಕೆ ಬಂದೆ. ಸೆಪ್ಟೆಂಬರಲ್ಲಿ ನೋಡಿ ಹೇಳ್ತೀನಿ."

ಸಂಶೋಧನಾ ಠಾಣೆಯವರು ಆ ಶರತ್ಕಾಲದ ದಾಖಲೆಯನ್ನು ತೆಗೆದುಹಾಕಿದರು. ಬೇಸಿಗೆಯಿಡೀ ಬಂದರಿನಲ್ಲಿ ಅವಳನ್ನು ಕಂಡವರು ಖಾಲಿ ಬಾಟಲಿ ಎತ್ತಿ ತೋರಿಸಿ ನಗುತ್ತಿದ್ದರು. ಅವಳು ತಲೆ ತಗ್ಗಿಸದೆ ನಡೆದು ಹೋಗುತ್ತಿದ್ದಳು. ಆದರೆ ಮೀನು ಕೊಳ್ಳಲು ಬರುವುದನ್ನು ಬಿಟ್ಟಳು. ನಾನೇ ಅವಳ ಬಾಗಿಲಿಗೆ ಕಾಡ್ ಮೀನು ತಲುಪಿಸುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ಅವಳು ಸೂಕ್ಷ್ಮದರ್ಶಕವನ್ನೇ ದೋಣಿಗೆ ತಂದಳು. ಬಾಟಲಿಯ ಗೊಡವೆಯೇ ಬೇಡ, ಜೀವಂತ ಇರುವಾಗಲೇ ನೋಡುತ್ತೇನೆ ಎಂದಳು. ಗಾಳಿ ಬೀಸುತ್ತಿತ್ತು. ಅವಳಿಗೆ ಅಲುಗಾಟ ತಾಗದಿರಲಿ ಎಂದು ಬಂಡೆಗಳ ಮರೆಗೆ ದೋಣಿಯನ್ನು ತಂದು ನಿಲ್ಲಿಸಿದೆ. ಮೂರು ಗಂಟೆ ಅವಳು ಕಣ್ಣು ಕೀಳಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, "ನೋಡು," ಎಂದಳು.

ಅಷ್ಟು ವರ್ಷ ಬಲೆ ಎತ್ತಿಕೊಟ್ಟಿದ್ದರೂ ನಾನು ಅದನ್ನು ನೋಡಿದ್ದು ಅದೇ ಮೊದಲು. ಒಂದು ಹನಿ ನೀರಿನಲ್ಲಿ ಪುಟ್ಟ ಜೀವ ರೆಕ್ಕೆ ಬಡಿಯುತ್ತಿತ್ತು, ಚಿಪ್ಪಿನೊಳಗಿನ ಮೈಯೆಲ್ಲ ಕಾಣುತ್ತಿತ್ತು. ಅಂಚಿನಲ್ಲಿ ಮಾತ್ರ ಹಕ್ಕಳೆಯಂಥ ಬಿಳಿ ಕಲೆ.

"ಎಷ್ಟು?" ಕೇಳಿದೆ.

"ನಲವತ್ತಕ್ಕೆ ಹನ್ನೊಂದು."

ಹೋದ ವರ್ಷದ ಮೂವತ್ತೊಂದಲ್ಲ, ಹಿಂದಿನ ಕಾಲದ ಎರಡೂ ಅಲ್ಲ. ನನಗೆ ಸಮಾಧಾನ ಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಅವಳು ಕೈಗವಸು ಕಳಚಿ ಮುಖ ಮುಚ್ಚಿಕೊಂಡು ಅತ್ತಳು. ಎಗಿಲ್‌ನನ್ನು ಮಣ್ಣು ಮಾಡುವಾಗಲೂ ಅತ್ತಿರಲಿಲ್ಲ. ನಾನು ಯಂತ್ರ ಹಚ್ಚದೆ ಕಾದೆ.

ಮುಂದಿನ ಸಭೆಯಲ್ಲಿ ಅವಳು ಹನ್ನೊಂದು ಎಂದಾಗ ಯಾರೂ ನಗಲಿಲ್ಲ. ಟೋರ್ಲೈಫ್ ಟೋಪಿಯನ್ನು ಮೊಣಕಾಲ ಮೇಲಿಟ್ಟು, "ಇದು ಸರಿಯಾದ ಲೆಕ್ಕನಾ?" ಎಂದು ಕೇಳಿದ. ಹೌದು ಎಂದಳು. "ಹಂಗಾದ್ರೆ ಮೊದಲಿಗಿಂತ ಹೆಚ್ಚೇ ಆಯ್ತಲ್ಲ," ಎಂದು ಅವನು ಮೆಲ್ಲಗೆ ಹೇಳಿದ.