ಕನ್ನಡಕದ ಡಬ್ಬಿ

ತಟ್ಟೆಯನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲ ಸಲ ಕಣ್ಣು ಮೋಸ ಮಾಡಿರಬಹುದು ಎಂಬ ಆಸೆ ಇತ್ತು. ಎರಡನೇ ಸಲ ಅದೂ ಹೋಯಿತು.

ಅಂಗೈಯಗಲದ ಪಾರದರ್ಶಕ ತಟ್ಟೆ ಅದು. ರೋಗಿಯ ಗಾಯದಿಂದ ತೆಗೆದ ಕ್ರಿಮಿಯನ್ನು ಅದರಲ್ಲಿ ಸವರಿ, ಮೇಲೆ ಆರು ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಒಂದು ವೃತ್ತ ಉಳಿಯುತ್ತದೆ. ನಾಟದಿದ್ದರೆ ಕ್ರಿಮಿ ಬಿಲ್ಲೆಯವರೆಗೂ ಬಂದು ಆರಾಮಾಗಿ ಕೂತಿರುತ್ತದೆ. ಕಳೆದ ವಾರ ಐದು ಬಿಲ್ಲೆಗಳ ಸುತ್ತ ಬೆಳೆದಿತ್ತು, ಆರನೆಯದರ ಸುತ್ತ ವೃತ್ತ ಇತ್ತು. ಇವತ್ತು ಆರನೆಯದರ ಸುತ್ತಲೂ ಇಲ್ಲ.

ಲ್ಯಾಬಿನಲ್ಲಿ ಹೆಸರುಗಳಿರುವುದಿಲ್ಲ, ಬರೀ ನಂಬರು. ಹನ್ನೆರಡು ವರ್ಷದಿಂದ ಅವಳು ನಂಬರುಗಳನ್ನೇ ಓದಿಕೊಂಡು, ನಂಬರುಗಳಿಗೇ ವರದಿ ಬರೆದುಕೊಂಡು, ಮಧ್ಯಾಹ್ನ ನೆಮ್ಮದಿಯಾಗಿ ಊಟ ಮಾಡಿದವಳು. ಈ ನಂಬರು ಮಾತ್ರ ಮೇಲಿನ ಮಹಡಿಯ ನಾಲ್ಕನೇ ಕೋಣೆಯಲ್ಲಿ ಕಾಲು ಎತ್ತರಕ್ಕೆ ಇಟ್ಟುಕೊಂಡು ಮಲಗಿರುವ ಅವಳ ಅತ್ತೆಯದು.

"ಮೇಡಂ," ಎಂದು ಕರೆದಳು.

ಲ್ಯಾಬಿನ ಡಾಕ್ಟರು ಎದ್ದು ಬಂದು ತಟ್ಟೆ ತೆಗೆದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಬಿಲ್ಲೆ ಹಳೇದಾಗಿರಬಹುದಾ ಮೇಡಂ? ಇನ್ನೊಂದ್ಸಲ ಹಾಕ್ಲಾ?"

"ಪಕ್ಕದ ತಟ್ಟೇಲೂ ಅದೇ ಬಿಲ್ಲೆ ಅಲ್ವೇನೇ ಹಾಕಿರೋದು? ಅದರಲ್ಲಿ ಎಷ್ಟು ಚೆನ್ನಾಗಿ ವೃತ್ತ ಬಂದಿದೆ ನೋಡು." ಮೇಡಂ ತಟ್ಟೆಯನ್ನು ಕೆಳಗಿಟ್ಟರು. "ಇನ್ನೊಂದ್ಸಲ ಹಾಕು, ಬೇಡ ಅನ್ನಲ್ಲ. ಆದ್ರೆ ಸರ್ಜನ್‌ಗೆ ಈಗ್ಲೇ ಹೇಳ್ಬೇಕು, ಕಾಯೋ ಹಾಗಿಲ್ಲ. ಅಲ್ಲಾ, ಒಂದು ವಾರದಲ್ಲಿ ಹೀಗೆ ಕೈಕೊಡೋ ಔಷಧಿ ಅಲ್ವಲ್ಲ ಇದು! ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋಗ್ತಾ ಇದೆಯಾ?"

"ಸಿಸ್ಟರ್ ದಿನಾ ಎರಡು ಸಲ ಕೊಡ್ತಾರೆ ಮೇಡಂ. ಚಾರ್ಟಲ್ಲಿ ಎಲ್ಲಾ ಟಿಕ್ ಇದೆ."

"ಹೂಂ," ಎಂದರು ಮೇಡಂ. ಆ 'ಹೂಂ' ಅವಳಿಗೆ ಇಷ್ಟವಾಗಲಿಲ್ಲ.

ಸರ್ಜನ್ ಹೋದ ವಾರವೇ ಹೇಳಿದ್ದರು: ಈ ಮಾತ್ರೆ ಉಳಿದಿರೋ ಒಂದೇ ದಾರಿ, ಇದೂ ಕೆಲಸ ಮಾಡದಿದ್ದರೆ ಕಾಲು ಉಳಿಸುವ ಮಾತಿಲ್ಲ. ಗಂಡನಿಗೆ ಅದನ್ನು ಫೋನಿನಲ್ಲಿ ತಿಳಿಸಿದಾಗ ಅವನು, "ನೀನಿದೀಯಲ್ಲ ಅಲ್ಲೇ, ನಮಗೇನು ಭಯ?" ಎಂದಿದ್ದ. ಮನೆಯವರೆಲ್ಲರದ್ದೂ ಅದೇ ಮಾತು. ಮದುವೆಯಾಗಿ ಬಂದ ತಿಂಗಳಿನಿಂದಲೇ ಅವಳಿಗೆ 'ಅರ್ಧ ಡಾಕ್ಟ್ರು' ಎಂದು ಹೆಸರು ಬಿದ್ದಿತ್ತು. ಇಟ್ಟವರು ಅತ್ತೆ. ಅಕ್ಕಪಕ್ಕದವರ ಮುಂದೆಲ್ಲ, "ನಮ್ಮನೆ ಅರ್ಧ ಡಾಕ್ಟ್ರು ಇದಾಳೆ, ನಾವ್ಯಾಕೆ ಕ್ಲಿನಿಕ್ಕಲ್ಲಿ ಚೀಟಿ ಹಿಡ್ಕೊಂಡು ಕೂರೋಣ?" ಎಂದು ಹೇಳಿಕೊಂಡು ಬೀಗಿದ್ದೇ ಬೀಗಿದ್ದು. ಅವಳಿಗೂ ಅದು ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ.

ಇನ್ನು ಫ್ರಿಜ್ಜಿನ ಮೇಲಿನ ಬಿಸ್ಕತ್ತಿನ ಡಬ್ಬಿಯ ವಿಚಾರ. ಅಯ್ಯೋ, ಅದರ ವೈಭವವೇ ಬೇರೆ! ಯಾರಿಗೆ ಜ್ವರ ಬಂದರೂ, ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟರೆ, ಎರಡು ದಿನಕ್ಕೆ ಜ್ವರ ಇಳಿದ ಕೂಡಲೇ ಉಳಿದ ಮಾತ್ರೆಗಳು ಆ ಡಬ್ಬಿಗೆ. ಹಾಳು ಮಾಡಬಾರದಲ್ಲ! ಅತ್ತೆ ಕತ್ತರಿಯಿಂದ ಪಟ್ಟಿಗಳನ್ನು ನೀಟಾಗಿ ಕತ್ತರಿಸಿ ಇಡುತ್ತಿದ್ದರು. ಅವಳು ಚೀಟಿ ಅಂಟಿಸಿ, ತನ್ನ ಮುತ್ತಿನಂಥ ಅಕ್ಷರದಲ್ಲಿ 'ಗಂಟಲು', 'ಜ್ವರ', 'ಹುಣ್ಣು' ಎಂದು ಬರೆಯುತ್ತಿದ್ದಳು. ಆಸ್ಪತ್ರೆಯಲ್ಲಿ ವಾರ್ಡಿನ ಬಾಗಿಲುಗಳಿಗೆ 'ಮಾತ್ರೆಗಳನ್ನು ಅರ್ಧಕ್ಕೆ ನಿಲ್ಲಿಸಬೇಡಿ' ಎಂದು ಹಾಕಿದ ಹಾಳೆಗಳನ್ನು ಬರೆದವಳೂ ಅವಳೇ, ಅಕ್ಷರ ಚೆನ್ನಾಗಿದೆ ಎಂದು ಮೇಡಂ ಹೇಳಿ ಬರೆಸಿದ್ದರು. ಆ ಹಾಳೆಗೂ ಈ ಡಬ್ಬಿಗೂ ಸಂಬಂಧ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆಸ್ಪತ್ರೆಯದು ಆಸ್ಪತ್ರೆಗೆ, ಮನೆಯದು ಮನೆಗೆ ಎಂದುಕೊಂಡಿದ್ದಳು.

ಎರಡು ತಿಂಗಳ ಹಿಂದೆ ಹೊಸ ಚಪ್ಪಲಿ ಅತ್ತೆಯ ಹಿಮ್ಮಡಿ ಕಚ್ಚಿತು. ಸಕ್ಕರೆ ಕಾಯಿಲೆಯ ಕಾಲು. ಮೂರು ವಾರ ಅದಕ್ಕೆ ಡಬ್ಬಿಯಿಂದಲೇ ಉಪಚಾರ ನಡೆಯಿತು. ಎರಡು ದಿನ ಅದು, ಮೂರು ದಿನ ಇದು, ಅದು ಖಾಲಿಯಾದರೆ ಇನ್ನೊಂದು. ಕೊಟ್ಟವಳು ಅರ್ಧ ಡಾಕ್ಟ್ರು.

ಅವಳು ಮೇಲಿನ ಮಹಡಿಗೆ ಹೋದಳು. ನಾಲ್ಕನೇ ಕೋಣೆಯ ಬಾಗಿಲಲ್ಲಿ ಹಳದಿ ಪಟ್ಟಿ, ಅದರ ಕೆಳಗೆ ಸೂಚನೆ: ಒಳಗೆ ಹೋದ ವಸ್ತು ಹೊರಗೆ ಬರುವ ಹಾಗಿಲ್ಲ. ಅತ್ತೆಯ ಕ್ರಿಮಿ ಬೇರೆ ರೋಗಿಗಳಿಗೆ ಹರಡಬಾರದೆಂದು ಈ ಏರ್ಪಾಡು. ಪುಸ್ತಕ, ಬಟ್ಟೆ, ನೀರಿನ ಬಾಟಲಿ, ಏನೇ ಹೋದರೂ ಅಲ್ಲೇ. ಮೊದಲ ದಿನ ಅದನ್ನು ಓದಿ ಅತ್ತೆ, "ಹಂಗಾದ್ರೆ ನಾನೂ ಅಷ್ಟೇನಾ?" ಎಂದು ಕೇಳಿ ತಾವೇ ನಕ್ಕಿದ್ದರು. ಎಲ್ಲರೂ ನಕ್ಕಿದ್ದರು.

ಅವಳು ಗೌನು ಕಟ್ಟಿಕೊಂಡು, ಮಾಸ್ಕ್ ಹಾಕಿಕೊಂಡು, ಗ್ಲೌಸಿನೊಳಗೆ ಕೈ ತೂರಿಸಿದಳು. ದಿನಾ ಸಂಜೆ ಕಿಟಕಿಯ ಗಾಜಿನ ಆಚೆಯಿಂದಲೇ ಕೈಬೀಸಿ ಹೋಗುತ್ತಿದ್ದವಳು ಇವತ್ತು ಹಗಲಿನಲ್ಲೇ, ಅದೂ ಒಳಗೇ ಬಂದದ್ದು ಕಂಡು ಅತ್ತೆಯ ಮುಖ ಅರಳಿತು.

"ಬಾರೇ ಬಾ! ಇವತ್ತು ಸೂರ್ಯ ಎಲ್ಲಿ ಹುಟ್ಟಿದಾನೆ? ಊಟ ಆಯ್ತಾ? ಮಗು ಸ್ಕೂಲಿಗೆ ಹೋಯ್ತಾ?"

"ಹೋಯ್ತು ಅತ್ತೆ. ನೋವು ಹೇಗಿದೆ?"

"ಅದು ಅದರ ಪಾಡಿಗೆ ಇದೆ ಬಿಡು. ನನ್ನ ಗೆರೆ ಏನಾಯ್ತು, ಅದು ಹೇಳು. ಉಳ್ಕೊಂಡಿದೆ ತಾನೇ?"

ತಟ್ಟೆ, ಬಿಲ್ಲೆ ಎಂದರೆ ಅತ್ತೆಗೆ ಅರ್ಥವಾಗುವುದಿಲ್ಲವೆಂದು ಅವಳು ಹಿಂದೆ ಇರುವೆ ಸೀಮೆಸುಣ್ಣದ ಉದಾಹರಣೆ ಕೊಟ್ಟಿದ್ದಳು. ಇರುವೆ ದಾಟದ ಹಾಗೆ ಗೆರೆ ಎಳೆಯುತ್ತೇವಲ್ಲ, ಹಾಗೆ ಅತ್ತೆ, ನಿಮ್ಮದರಲ್ಲಿ ಐದು ಗೆರೆ ದಾಟಿವೆ, ಒಂದು ಉಳಿದಿದೆ, ಎಂದು. ಅಂದಿನಿಂದ ಅತ್ತೆಗೆ ಅದು 'ನನ್ನ ಗೆರೆ'.

ಅವಳು ಹೊದಿಕೆ ಸರಿಮಾಡಿ ಹಾಸಿಗೆಯ ಅಂಚಿಗೆ ಕೂತಳು. ಪಟ್ಟಿ ಸುತ್ತಿದ ಕಾಲಿನಿಂದ ಬರುವ ವಾಸನೆ ಮಾಸ್ಕಿನೊಳಕ್ಕೂ ನುಗ್ಗಿತು. ಆಸ್ಪತ್ರೆಗೆ ಸೇರಿಸಿದ ದಿನಕ್ಕಿಂತ ಹೆಚ್ಚಾಗಿತ್ತು.

"ಅತ್ತೆ, ಮಾತ್ರೆ ಎರಡು ಹೊತ್ತೂ ತಗೊಳ್ತಾ ಇದೀರಿ ತಾನೇ?"

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. ಗಾಜಿನಾಚೆ ಯಾರೂ ಇರಲಿಲ್ಲ. ದಿಂಬಿನ ಕೆಳಗೆ ಕೈ ಹಾಕಿ ಕನ್ನಡಕದ ಡಬ್ಬಿ ತೆಗೆದು, ಕಳ್ಳನಗೆ ನಗುತ್ತ ಅವಳ ಮಡಿಲಿಗೆ ಹಾಕಿದರು.

"ತೆಗಿ."

ತೆಗೆದಳು. ಕನ್ನಡಕ ಇರಲಿಲ್ಲ. ಅದನ್ನು ಒರೆಸುವ ಬಟ್ಟೆಯ ಮೇಲೆ, ಸಾಲಾಗಿ, ಉದ್ದನೆಯ ಬಿಳಿ ಮಾತ್ರೆಗಳು. ಏಳು.

ಅವಳು ಇನ್ನೊಮ್ಮೆ ಎಣಿಸಿದಳು.

"ಬೆಳಿಗ್ಗೆ ಸಿಸ್ಟರ್ ಇದಾಳಲ್ಲ, ಅವಳು ಘಾಟಿ. ಬಾಯಿ ತೆಗಿಸಿ ನೋಡ್ತಾಳೆ. ಸಂಜೆಯವಳು ಪಾಪ, ಒಬ್ಬಳೇ ಎಷ್ಟು ಕಡೆ ಓಡ್ತಾಳೆ? ಲೋಟದಲ್ಲಿ ಹಾಕಿಟ್ಟು ಹೋಗಿಬಿಡ್ತಾಳೆ. ದಿನಕ್ಕೊಂದು ಎತ್ತಿಟ್ಟೆ."

"ಯಾಕತ್ತೆ?" ಅವಳಿಗೆ ಅಷ್ಟೇ ಕೇಳಲು ಸಾಧ್ಯವಾಯಿತು.

"ಯಾಕೆ ಅಂದ್ರೆ? ನಿನಗೇ ಕಣೇ!" ಅತ್ತೆ ದನಿ ತಗ್ಗಿಸಿದರು. "ದಿನಾ ಸಂಜೆ ಗಾಜಿನ ಹತ್ರ ನಿಂತು ಕೈ ಆಡಿಸ್ತೀಯ. ಆ ಬೆರಳಿನ ಪಟ್ಟಿ ಹೋದ ವಾರದಿಂದ ನೋಡ್ತಾನೇ ಇದೀನಿ, ಇನ್ನೂ ಬಿಚ್ಚಿಲ್ಲ ನೀನು. ನನ್ನ ಹಿಮ್ಮಡಿನೂ ಮೊದಲು ಇಷ್ಟೇ ಇಷ್ಟು ಇತ್ತು, ಮರ್ತೋಯ್ತಾ? ಇದೇ ಹುಳದ ಜೊತೆ ಇಡೀ ದಿನ ಕೆಲಸ ಮಾಡೋಳು ನೀನು. ನನಗೋ, ವಯಸ್ಸಾಯ್ತು. ನಿನ್ನ ಕೈ ಹೋದ್ರೆ ಮನೆ ಗತಿ ಏನು? ಡಾಕ್ಟ್ರು ಹೇಳಿದ್ರಲ್ಲ, ಈ ಮಾತ್ರೆ ಬಹಳ ದೊಡ್ಡದು, ಹೊರಗೆ ಸುಲಭಕ್ಕೆ ಸಿಗಲ್ಲ ಅಂತ. ಅದಕ್ಕೇ."

ಒಂಬತ್ತು ದಿನದ ಹಿಂದೆ ಲ್ಯಾಬಿನಲ್ಲಿ ಗಾಜಿನ ಚೂರು ತಾಗಿ ಅವಳ ತೋರುಬೆರಳು ಕೊಯ್ದಿತ್ತು. ಕೈಯಲ್ಲಿ ಸಣ್ಣ ಗೀರಿದ್ದರೂ ಪಟ್ಟಿ ಹಾಕದೆ ಕೆಲಸಕ್ಕೆ ಕೂರುವ ಹಾಗಿಲ್ಲ, ಲ್ಯಾಬಿನ ನಿಯಮ. ದಿನಾ ಬೆಳಿಗ್ಗೆ ಹೊಸದೊಂದು ನೀಲಿ ಪಟ್ಟಿ ಸುತ್ತುವುದು ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿಹೋಗಿತ್ತು. ಗಾಯ ಹೇಗಿದೆ ಎಂದು ಅವಳು ಗಮನವಿಟ್ಟು ನೋಡಿಯೇ ಇರಲಿಲ್ಲ.

ಕಣ್ಣಲ್ಲಿ ನೀರು ಬಂತು. ಗ್ಲೌಸಿನ ಕೈಯಲ್ಲಿ ಒರೆಸುವ ಹಾಗಿಲ್ಲ. ಅದು ಮಾಸ್ಕಿನೊಳಗೇ ಇಳಿಯಿತು.

"ಅಯ್ಯೋ, ಯಾಕೇ? ಅಷ್ಟು ನೋಯುತ್ತಾ?" ಅತ್ತೆ ಗಾಬರಿಯಾದರು. ಪಕ್ಕದ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ಅವಳ ಮುಂದೆ ಹಿಡಿದರು. "ತಗೋ, ಒಂದು ನನ್ನ ಎದುರಿಗೇ ನುಂಗು. ಮಿಕ್ಕಿದ್ದು ಮನೆಗೆ ತಗೊಂಡ್ಹೋಗಿ ಡಬ್ಬೀಲಿ ಹಾಕು. ಹೊರಗೆ ಏನೂ ಒಯ್ಯಬಾರ್ದು ಅಂತಾರೆ, ಸೆರಗಲ್ಲಿ ಕಟ್ಕೋ, ಯಾರು ನೋಡ್ತಾರೆ?"

ಹೊರಗೆ ಮಾತಿನ ಸದ್ದು ಕೇಳಿಸಿತು. ಗಾಜಿನಾಚೆ ಸರ್ಜನ್ ಗೌನಿಗೆ ಕೈ ತೂರಿಸುತ್ತಿದ್ದರು. ಮೇಡಂ ಆಗಲೇ ಫೋನು ಮಾಡಿರಬೇಕು. ಅತ್ತೆ ಚಟ್ಟನೆ ಡಬ್ಬಿ ಕಸಿದು ದಿಂಬಿನ ಕೆಳಗೆ ತಳ್ಳಿ, ಏನೂ ಅರಿಯದವರಂತೆ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ಅವಳಿಗೆ ಕಣ್ಣಲ್ಲೇ 'ಸುಮ್ಮನಿರು' ಎಂದರು.

ಸರ್ಜನ್ ಕಾಲಿನ ಪಟ್ಟಿ ಬಿಚ್ಚಿಸಿ ನೋಡಿದರು. ಆಮೇಲೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರು ಕೂರುವವರೇ ಅಲ್ಲ, ಯಾವಾಗಲೂ ನಿಂತೇ ಮಾತಾಡಿ ಹೋಗುವವರು.

"ಅಮ್ಮಾ, ನಿಜ ಹೇಳಿ. ಮಾತ್ರೆ ಒಂದೂ ಬಿಡದೆ ತಗೊಂಡ್ರಾ?"

"ತಗೊಂಡೆ ಸಾರ್. ಬೇಕಾದ್ರೆ ಸಿಸ್ಟರನ್ನ ಕೇಳಿ."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಲಂತೂ ಉಳಿಯುವುದಿಲ್ಲ, ಅತ್ತೆಯ ಮಾನವಾದರೂ ಉಳಿಯುತ್ತದೆ. ತನ್ನದೂ ಉಳಿಯುತ್ತದೆ. ಹೇಳಿದರೆ ಇಡೀ ಆಸ್ಪತ್ರೆಗೆ ಗೊತ್ತಾಗುತ್ತದೆ, ಲ್ಯಾಬಿನವಳ ಮನೆಯಲ್ಲೇ ಹೀಗಂತೆ ಎಂದು ಕ್ಯಾಂಟೀನಿನಲ್ಲಿ ಕೂತು ಆಡಿಕೊಳ್ಳುತ್ತಾರೆ. ಅವಳ ಕಣ್ಣು ಗಾಜಿನ ಬಾಗಿಲಿಗೆ ಹೋಯಿತು. ಆಚೆ ಬದಿಗೆ ಅಂಟಿಸಿದ ಹಾಳೆಯ ಬೆನ್ನು ಕಾಣುತ್ತಿತ್ತು, ಅವಳದೇ ಅಕ್ಷರ ಹಿಂದುಮುಂದಾಗಿ. ಮುಂದೆ ಈ ಕೋಣೆಗೆ ಬರುವವರಿಗೆ ಸಂಜೆಯ ಮಾತ್ರೆ ಹೀಗೆಯೇ ಲೋಟದಲ್ಲಿ ಬರುತ್ತದೆ ಎಂದು ಯಾಕೋ ಅನ್ನಿಸಿತು.

ಅವಳು ಬಗ್ಗಿ, ದಿಂಬಿನ ಕೆಳಗಿನಿಂದ ಡಬ್ಬಿ ತೆಗೆದು, ಸರ್ಜನ್ ಮುಂದೆ ಬಿಚ್ಚಿಟ್ಟಳು.

"ಸಂಜೆಯದು ಎಲ್ಲಾ ಇಲ್ಲಿದೆ ಸಾರ್. ಎತ್ತಿಡೋದು ಅವರಿಗೆ ಕಲಿಸಿದ್ದು ನಾನೇ."

ಅತ್ತೆ ಅವಳನ್ನು ನೋಡಿದರು. ಮದುವೆಯಾದ ಹತ್ತು ವರ್ಷದಲ್ಲಿ ಒಂದು ದಿನವೂ ಹಾಗೆ ನೋಡಿರಲಿಲ್ಲ.

ಸರ್ಜನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದರಿಂದಲೇ ಹೀಗಾಯ್ತು ಅಂತ ಹೇಳೋಕೆ ಆಗಲ್ಲಮ್ಮ," ಎಂದರು ನಿಧಾನವಾಗಿ. "ಆಗಿಲ್ಲ ಅಂತಾನೂ ಹೇಳೋಕೆ ಆಗಲ್ಲ. ಈಗ ಯಾವ ಮಾತ್ರೇನೂ ಹಿಡಿಯೋ ಹಾಗೆ ಕಾಣ್ತಿಲ್ಲ. ಕಾಯ್ತಾ ಕೂತ್ರೆ ವಿಷ ಮೈಗೇರುತ್ತೆ. ನಾಳೆ ಬೆಳಿಗ್ಗೆ ಕಾಲು ತೆಗೀಬೇಕು. ಮೊಣಕಾಲಿನ ಕೆಳಗೆ."

ಅತ್ತೆ ತಮ್ಮ ಕಾಲನ್ನು ನೋಡಿದರು. ಆಮೇಲೆ ಡಬ್ಬಿಯನ್ನು ನೋಡಿದರು. ಅವರಿಗೆ ಅರ್ಥವಾಯಿತು ಎಂದು ಅವಳಿಗೆ ತಿಳಿಯಿತು, ಕೈ ಚಾಚಿ ಡಬ್ಬಿಯ ಮುಚ್ಚಳ ಮುಚ್ಚಿದರು.

"ಅವಳನ್ನ ಏನೂ ಅನ್ಬೇಡಿ ಸಾರ್," ಎಂದರು ಅತ್ತೆ ಕೊನೆಗೆ. ದನಿ ಗಟ್ಟಿಯಾಗಿಯೇ ಇತ್ತು. "ಅವಳೇನು ಮಾಡ್ತಾಳೆ ಪಾಪ. ನನ್ನ ಕಾಲು ಹೇಗೂ ಹೋಯ್ತು. ಅವಳ ಬೆರಳು ಒಂದ್ಸಲ ನೋಡಿಬಿಡಿ."

"ಬೆರಳಾ?" ಎಂದರು ಸರ್ಜನ್.

"ಏನಿಲ್ಲ ಸಾರ್," ಎಂದು ಅವಳು ಎದ್ದಳು. ಅಲ್ಲಿ ಇನ್ನೊಂದು ಕ್ಷಣ ನಿಂತಿದ್ದರೆ ಕೂಗಿಕೊಂಡುಬಿಡುತ್ತಿದ್ದಳು.

ಹೊರಗಿನ ಪುಟ್ಟ ಕೋಣೆಯಲ್ಲಿ ಗೌನು ಬಿಚ್ಚಿ ಕೆಂಪು ತೊಟ್ಟಿಗೆ ಹಾಕಿದಳು, ಮಾಸ್ಕನ್ನೂ ತೆಗೆದು ಅದಕ್ಕೇ ಎಸೆದಳು. ಗ್ಲೌಸು ಬೆವರಿಗೆ ಅಂಟಿಕೊಂಡಿತ್ತು. ಎಳೆದಾಗ ಅದರ ಜೊತೆಗೆ ನೀಲಿ ಪಟ್ಟಿಯೂ ಕಿತ್ತು ಬಂತು. ನಲ್ಲಿಯ ಕೆಳಗೆ ಕೈ ಹಿಡಿದು, ಸೋಪು ಹಾಕಿ, ಎರಡೆರಡು ಸಲ ತೊಳೆದಳು. ಬೆರಳು ತಿರುಗಿಸಿ ನೋಡಿದಳು. ಗಾಯ ಎಲ್ಲಿತ್ತೆಂದು ಹುಡುಕಬೇಕಾಯಿತು. ಕೂದಲೆಳೆಯಷ್ಟು ಬಿಳಿ ಗೆರೆ, ಅಷ್ಟೆ. ಒತ್ತಿದರೂ ನೋಯಲಿಲ್ಲ.

ಗಾಜಿನ ಮೇಲೆ ಟಕಟಕ ಸದ್ದಾಯಿತು. ಒಳಗಿನಿಂದ ಸರ್ಜನ್ ಅವಳನ್ನು ಕರೆದು ಹಾಸಿಗೆಯ ಕಡೆ ಕೈ ತೋರಿಸುತ್ತಿದ್ದರು. ಅತ್ತೆ ದಿಂಬಿಗೆ ಒರಗಿ ಎದ್ದು ಕೂತಿದ್ದರು. ತಮ್ಮ ತೋರುಬೆರಳನ್ನು ಎತ್ತಿ, ಅವಳ ಕಡೆ ಮಾಡಿ, 'ತೋರಿಸು' ಎಂದು ಸನ್ನೆ ಮಾಡಿದರು.

ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅತ್ತೆ ಬಿಡಲಿಲ್ಲ, ಮತ್ತೆ ಸನ್ನೆ ಮಾಡಿದರು.

ಅವಳು ಗಾಜಿನ ಹತ್ತಿರ ಹೋಗಿ ಒದ್ದೆ ಬೆರಳನ್ನು ಎತ್ತಿ ಹಿಡಿದಳು. ಅತ್ತೆ ಪಕ್ಕದ ಮೇಜಿನ ಮೇಲೆ ಬರಿದೇ ಬಿದ್ದಿದ್ದ ಕನ್ನಡಕ ತಡಕಿ ಹಾಕಿಕೊಂಡು, ಕತ್ತು ಮುಂದೆ ಚಾಚಿ, ಬಹಳ ಹೊತ್ತು ನೋಡಿದರು. ಆಮೇಲೆ ಸಮಾಧಾನವಾಯಿತೆಂಬಂತೆ ತಲೆಯಾಡಿಸಿ, ಏನೋ ಹೇಳಿ ನಕ್ಕರು. ಗಾಜಿನ ಈಚೆ ಏನೂ ಕೇಳಿಸಲಿಲ್ಲ.