ಪೂಜೆಯ ಹತ್ತು ನಿಮಿಷ

೧೯೮೮ರಲ್ಲಿ ನಾನು ವಿಶಾಖಪಟ್ಟಣದ ಗಾಜುವಾಕದಲ್ಲಿ ಬ್ಯಾಂಕಿನ ಅಧಿಕಾರಿಯಾಗಿದ್ದೆ. ನನ್ನ ಹೆಂಡತಿ ಚಂದ್ರಮ್ಮನ ಬೆನ್ನಿನ ಆಪರೇಷನ್ ವಿಜಯವಾಡದಲ್ಲಿ ಆಯಿತು.

"ಬೆನ್ನುಹುರಿಯ ಪೊರೆ ಸ್ವಲ್ಪ ಹರಿಯಿತು, ಹೊಲಿದಿದ್ದೇನೆ. ಒಂದು ವಾರ ದಿಂಬಿಲ್ಲದೆ ಮಲಗಿರಲಿ, ಏಳಿಸಬೇಡಿ. ಒಳಗಿನ ನೀರು ಸೋರಿದರೆ ಅಪಾಯ," ಎಂದು ಡಾಕ್ಟರ್ ಗೋಪಾಲಕೃಷ್ಣ ಹೇಳಿದ್ದರು.

ಅವರ ಮಾತನ್ನು ದಿನಕ್ಕೆ ಹತ್ತು ನಿಮಿಷ ಮಾತ್ರ ಮೀರಿದೆ. ಲಿಂಗಪೂಜೆಯನ್ನು ಮಲಗಿಕೊಂಡು ಮಾಡುವುದುಂಟೇ? ಬೆಳಿಗ್ಗೆ ನರ್ಸ್ ಬರುವ ಮುಂಚೆ ಅವಳನ್ನು ಎಬ್ಬಿಸಿ, ಬೆನ್ನಿಗೆ ಕೈಕೊಟ್ಟು ಕೂರಿಸಿ, ಅವಳ ಎಡ ಅಂಗೈಯಲ್ಲಿನ ಲಿಂಗಕ್ಕೆ ನೀರೆರೆಯುತ್ತಿದ್ದೆ.

ಮೂರನೆಯ ದಿನ ಅವಳು, "ರೀ, ಕೂತ್ರೆ ತಲೆ ಸೀಳ್ತದೆ. ಮಲಗಿದ್ರೆ ಏನೂ ಇಲ್ಲ. ಇವತ್ತು ಬ್ಯಾಡ ಕಣ್ರೀ," ಎಂದಳು.

"ಶಿವನಿಗೇ ರಜಾಚೀಟಿ ಕೊಡ್ತೀಯೇನೇ?"

"ಆಫೀಸರು ನೀವೇ ಅಲ್ವಾ, ಮಂಜೂರು ಮಾಡ್ರಿ."

ಇಬ್ಬರೂ ನಕ್ಕೆವು. ನಾನು ಎಬ್ಬಿಸಿ ಕೂರಿಸಿದೆ.

ಆಮೇಲೆ ನರ್ಸ್ ಕೋಟೇಶ್ವರಮ್ಮ ಬೆನ್ನಡಿಯ ಹಾಸನ್ನು ಮುಟ್ಟಿ, "ಏಮಂಡೀ, ಈ ತಡಿ ಏಮಿಟಿ?" ಎಂದು ಒದ್ದೆಯನ್ನು ತೋರಿಸಿ ಇದೇನೆಂದು ತೆಲುಗಿನಲ್ಲಿ ಕೇಳಿದರು.

"ಪೂಜಾ ನೀಳ್ಳಮ್ಮಾ," ಎಂದೆ. ಅದು ಪೂಜೆಯ ನೀರೆಂದೇ ನಾನು ನಂಬಿದ್ದೆ.

ಐದನೆಯ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಬರೀ ವಿಭೂತಿ ಧರಿಸಿ ಪೂಜೆ ಮುಗಿಸಿದೆವು. ಅವಳನ್ನು ಮಲಗಿಸುವಾಗ ನೋಡಿದರೆ ಬೆನ್ನಿನ ಪಟ್ಟಿ, ಹಾಸು ಎರಡೂ ಒದ್ದೆ. ಬಣ್ಣವಿಲ್ಲದ, ವಾಸನೆಯಿಲ್ಲದ, ತಿಳಿಯಾದ ನೀರು.

ಆಗಲೇ ಡಾಕ್ಟರ ಬಳಿ ಓಡಬೇಕಿತ್ತು. ಹೇಳಿದರೆ ನಾನು ಎಬ್ಬಿಸಿದ್ದು ಗೊತ್ತಾಗುತ್ತದೆ, ಪೂಜೆ ನಿಲ್ಲುತ್ತದೆ ಎಂದು ಹಾಸನ್ನು ನಾನೇ ಬದಲಾಯಿಸಿ ಸುಮ್ಮನಾದೆ. ಎರಡು ದಿನ.

ಏಳನೆಯ ದಿನ ಚಳಿಜ್ವರ ಬಂತು, ಕತ್ತು ಸೆಟೆದುಕೊಂಡಿತು. ಸೋರಿದ ದಾರಿಯಲ್ಲೇ ನಂಜು ಮಿದುಳಿನ ಪೊರೆಗೆ ಏರಿದೆ ಎಂದರು. ಎಷ್ಟು ದಿನದಿಂದ ಸೋರುತ್ತಿತ್ತು ಎಂದು ಡಾಕ್ಟರು ಕೇಳಿದರು. ಹತ್ತನೆಯ ದಿನ ಅವಳು ಹೋದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಗುಣಿಯೊಳಗೆ ಅವಳನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟರು. ತಲೆ ಒಂದು ಕಡೆಗೆ ವಾಲಿತು.

"ಸ್ವಾಮಿ, ಮಲಗಿಸಬಾರದೇ?" ಎಂದು ಜಂಗಮರನ್ನು ಕೇಳಿದೆ.

"ಭಾವ, ಏನು ಮಾತಾಡ್ತಿದೀರಿ?" ಎಂದು ಅವಳ ತಮ್ಮ ಹೊನ್ನಪ್ಪ ನನ್ನ ತೋಳು ಹಿಡಿದ.

ಜಂಗಮರು ಬೆನ್ನ ಹಿಂದೆ ಮಣ್ಣು ಒತ್ತಿ ಅವಳನ್ನು ನೆಟ್ಟಗೆ ಕೂರಿಸಿದರು.

ಇಂದಿಗೂ ಬೆಳಿಗ್ಗೆ ಪೂಜೆಗೆ ಕೂರುತ್ತೇನೆ. ಕಣ್ಣು ಮುಚ್ಚಿದರೆ ಶಿವ ಕಾಣುವುದಿಲ್ಲ. ಆ ಕತ್ತಲೆಯಲ್ಲಿ ಅವಳು ಇನ್ನೂ ಕೂತೇ ಇದ್ದಾಳೆ.