ಇನಾಸನ ಪಿತ್ತದ ಗುಳಿಗೆ

ಜೋಯಿಡಾ ಕಾಡಂಚಿನ ಸಿದ್ದಿ ಕೇರಿಗಳಲ್ಲಿ ಮದುವೆಗೆ ಹಂದಿ ಕೊಯ್ಯುವುದಿದ್ದರೆ ಇನಾಸನೇ ಬರಬೇಕು. ಪಿತ್ತದ ಚೀಲ ಒಡೆದರೆ ಮಾಂಸವೆಲ್ಲ ಕಹಿಯಾಗುತ್ತದೆ. ಇನಾಸ ಇಪ್ಪತ್ತು ವರ್ಷಗಳಲ್ಲಿ ಒಂದನ್ನೂ ಒಡೆದವನಲ್ಲ. ಆ ಜಂಬ ಅವನಿಗೆ ಚೆನ್ನಾಗಿಯೇ ಇತ್ತು.

ಅಂಥವನ ಹಿಮ್ಮಡಿಯ ಮೇಲೆ ಗಂಟುಗಳೆದ್ದು ನಡಿಗೆ ವಾಲತೊಡಗಿತು. ದೊಡ್ಡಾಸ್ಪತ್ರೆಯ ಡಾಕ್ಟರು ಮುಂಬಯಿಯಿಂದ ಗುಳಿಗೆ ತರಿಸಿಕೊಟ್ಟರು.

"ಇದು ಹುಟ್ಟಿನಿಂದ ಬಂದ ರೋಗ. ಪಿತ್ತದಾಗಿನ ಒಂದು ಆಮ್ಲ ನಿನ್ನ ಮೈಯಾಗ ತಯಾರ ಆಗಂಗಿಲ್ಲ. ಅದನ್ನ ಇದರಾಗ ತುಂಬ್ಯಾರ. ದಿನಾ ಮೂರು ನುಂಗು."

ಇನಾಸ ಮನೆಗೆ ಬಂದು ತೆಳು ಸಿಪ್ಪೆಯೊಳಗೆ ಮದ್ದು ತುಂಬಿದ ಆ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಥೇಟ್ ಪುಟ್ಟ ಪಿತ್ತದ ಚೀಲ. ಹೇಗೋ ನುಂಗಿದ, ಆಮೇಲೆ ಗೋಡೆಗೊರಗಿ ಅಲುಗದೆ ಕೂತ. ಕೆಮ್ಮು ಬಂದರೂ ತಡೆದುಕೊಂಡ.

"ಯಾಕ ಹಿಂಗ ಕುಂತಿ?" ಎಂದಳು ಹೆಂಡತಿ ಮಾಗ್ದಲೀನಾ.

"ಒಳಗ ಒಡದ್ರ ನನ್ನ ಮಾಂಸ ಎಲ್ಲಾ ಕಹಿ ಆಗ್ತೈತಿ."

"ಆಗ್ಲಿ ಬಿಡು. ನಿನ್ನ ತಿನ್ನಾಕ ಬರೋದು ಹುಲಿ ಒಂದ. ಅದೂ ಮೂಸಿ ನೋಡಿ ಹೋಗ್ತೈತಿ."

ಈ ಮಾತು ಇನಾಸನ ತಲೆಯಲ್ಲಿ ಕೂತಿತು. ಅಂದಿನಿಂದ ಒಂದು ಹೊತ್ತೂ ತಪ್ಪಿಸದೆ ನುಂಗಿದ. ವರ್ಷ ತುಂಬುವಷ್ಟರಲ್ಲಿ ನಡಿಗೆ ಎಷ್ಟೋ ನೆಟ್ಟಗಾಯಿತು. ಡಾಕ್ಟರು ಹಿಗ್ಗಿದರು.

"ಇದು ಮನೆತನದ ರೋಗ. ನಿನ್ನ ತಂಗಿಗೂ ಇರಬಹುದು, ಕರಕೊಂಡು ಬಾ. ಆಕಿಗೂ ಗುಳಿಗಿ ಕೊಡೂಣು."

ಇನಾಸ ಅವರನ್ನು ಕನಿಕರದಿಂದ ನೋಡಿದ.

"ಆಕಿಗೆ ಯಾಕ್ರಿ ಸಾಹೇಬ್ರ? ಆಕಿ ದಾಂಡೇಲಿ ಪ್ಯಾಟ್ಯಾಗ ಇರ್ತಾಳ. ಅಲ್ಲಿ ಹುಲಿ ಇಲ್ರಿ."